ಟೀ ಪೆಟ್ಟಿಗೆಯಿಂದ ಶುರು ಮಾಡಬೇಡಿ: ಅಮೆರಿಕದ ತೆರಿಗೆ ಜಗಳದ ಪಾಠ ಮಾಡುವ ಬಗೆ

ಅಮೆರಿಕದ ಸ್ವಾತಂತ್ರ್ಯ ಹೋರಾಟದ ಪಾಠ ಬಂದರೆ ಸಾಕು, ಬಹಳ ಮಂದಿ ಮೇಷ್ಟ್ರುಗಳು ಸೀದಾ ಬಾಸ್ಟನ್ ಬಂದರಿಗೆ ಓಡುತ್ತಾರೆ. 1773ರಲ್ಲಿ ಬ್ರಿಟನ್ನಿನ ತೆರಿಗೆ ಬೇಡ ಎಂದು ಟೀಯನ್ನು ನೀರಿಗೆ ಸುರಿದ ಕತೆ ಅದು: ಹಡಗು, ಟೀ ಪೆಟ್ಟಿಗೆ, ವೇಷ ಹಾಕಿದ ಗುಂಪು. ಮಕ್ಕಳಿಗೂ ಖುಷಿ. ಆದರೆ ಅಲ್ಲಿಂದ ಶುರು ಮಾಡಿದರೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಟೀಚರ್, ಟೀ ಮೇಲೆ ತೆರಿಗೆ ಎಷ್ಟಿತ್ತು?" ಒಂದು ಪೌಂಡ್ ತೂಕಕ್ಕೆ 3 ಪೆನ್ಸ್. "ಅಷ್ಟಕ್ಕೇ ದೇಶಾನೇ ಬೇರೆ ಮಾಡ್ಕೊಂಡ್ರಾ?" ನ್ಯಾಯವಾದ ಪ್ರಶ್ನೆ. ಟೀ ಪೆಟ್ಟಿಗೆಯ ಮುಂದೆ ನಿಂತು ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಈ ಪಾಠವನ್ನು ನಾನು ಮಾಡುವ ಕ್ರಮ ಇಲ್ಲಿದೆ. ಹೊಸದಾಗಿ ತರಗತಿಗೆ ಹೋಗುವವರಿಗೆ ಉಪಯೋಗಕ್ಕೆ ಬರಬಹುದು. ಪರೀಕ್ಷೆಗೆ ಸ್ವಂತ ಓದಿಕೊಳ್ಳುವವರಿಗೂ ಇದೇ ಕ್ರಮ ಸಾಕು.

ಮೊದಲು ಬೋರ್ಡಿನ ಎಡಗಡೆ ಎರಡು ಪ್ರಶ್ನೆ ಬರೆದುಬಿಡಿ. ಪಾಠ ಮುಗಿಯುವವರೆಗೆ ಅಳಿಸಬೇಡಿ.

ಈ ದುಡ್ಡು ಯಾರ ಕೈಗೆ ಹೋಗುತ್ತದೆ?
ಬೇಡ ಅನ್ನೋಕೆ ಯಾರು ಯಾರು ಸೇರಿದರು?

ಎಲ್ಲರೂ ಮೊದಲನೆಯದನ್ನೇ ಕೇಳುತ್ತಾರೆ. ನನ್ನ ಪ್ರಕಾರ ಕತೆಯ ಜೀವ ಇರುವುದು ಎರಡನೆಯದರಲ್ಲಿ. ತೆರಿಗೆ ಬಂತು, ಸಿಟ್ಟು ಬಂತು, ತೆರಿಗೆ ಹೋಯಿತು, ಸಿಟ್ಟೂ ಇಳಿಯಿತು. ಆದರೆ ಸಿಟ್ಟಿನಲ್ಲಿ ಸೇರಿದ್ದ ಜನ ಪ್ರತಿ ಸಲವೂ ಒಟ್ಟಿಗೆ ಕೆಲಸ ಮಾಡುವ ರೂಢಿಯನ್ನು ಉಳಿಸಿಕೊಂಡರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಗುಂಪುಗಳೇ ಊರು ನಡೆಸುತ್ತಿದ್ದವು. ಸ್ವಾತಂತ್ರ್ಯ ಬೇಕು ಅಂತ ಯಾರೂ ಬಾಯಿಬಿಟ್ಟು ಹೇಳುವ ಮೊದಲೇ!

ಮೊದಲು ಲಂಡನ್ನಿನ ಲೆಕ್ಕ

1763ರಿಂದ ಶುರು ಮಾಡಿ. ಅಮೆರಿಕ ಆಗ ಇನ್ನೂ ದೇಶವಲ್ಲ, ಬ್ರಿಟನ್ನಿನ ಕೈಕೆಳಗಿನ 13 ವಸಾಹತುಗಳು. ಏಳು ವರ್ಷಗಳ ಯುದ್ಧ ಆಗಷ್ಟೇ ಮುಗಿದಿದೆ. ಫ್ರಾನ್ಸ್ ಸೋತು ಕೆನಡಾ ಬಿಟ್ಟುಕೊಟ್ಟಿದೆ. ಬ್ರಿಟನ್ ಗೆದ್ದಿದೆ, ಆದರೆ ಸಾಲ ಹೆಚ್ಚುಕಡಿಮೆ ಎರಡು ಪಟ್ಟಾಗಿದೆ. ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇಡುವ ಯೋಜನೆ ಬೇರೆ. ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಲೆಕ್ಕದ ಮನುಷ್ಯ. ಆ ಸೈನ್ಯ ಇರುವುದು ಅಮೆರಿಕದವರ ರಕ್ಷಣೆಗೆ ತಾನೇ, ಖರ್ಚಿನಲ್ಲಿ ಅವರೂ ಸ್ವಲ್ಪ ಕೊಡಲಿ ಎಂದು ಅವನ ವಾದ.

ಇವನನ್ನು ಖಳನಾಯಕ ಮಾಡಬೇಡಿ. ಅವನ ಮಾತಿನಲ್ಲಿ ಹುರುಳಿಲ್ಲ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟರೆ ಮುಂದಿನ ಇಡೀ ಜಗಳ ಪೆದ್ದರ ಜಗಳದ ಹಾಗೆ ಕಾಣುತ್ತದೆ. ಇಂಗ್ಲೆಂಡಿನವರು 1694ರಿಂದಲೂ ಸ್ಟಾಂಪ್ ತೆರಿಗೆ, ಅಂದರೆ ಕಾಗದಪತ್ರಗಳ ಮೇಲಿನ ಸರ್ಕಾರಿ ಮುದ್ರೆಗೆ ಕೊಡುವ ತೆರಿಗೆ, ಕಟ್ಟುತ್ತಲೇ ಇದ್ದರು.

1764ರ ಸಕ್ಕರೆ ಕಾಯಿದೆಗೆ ಹತ್ತು ನಿಮಿಷ ಸಾಕು. ಆದರೆ ಅದರಲ್ಲಿರುವ ಒಗಟನ್ನು ಮಾತ್ರ ಬಿಡಬೇಡಿ. ಹೊರದೇಶದ ಕಾಕಂಬಿಯ ಮೇಲೆ ಗ್ಯಾಲನ್‌ಗೆ 6 ಪೆನ್ಸ್ ಸುಂಕ ಇತ್ತು. ಗ್ರೆನ್‌ವಿಲ್ ಅದನ್ನು 3 ಪೆನ್ಸ್‌ಗೆ ಇಳಿಸಿದ. ಸುಂಕ ಅರ್ಧ ಆಯಿತು, ಜನ ಸಿಟ್ಟಾದರು. ಯಾಕೆ? ಮಕ್ಕಳಿಗೇ ಬಿಡಿ. ಯಾರಾದರೂ ಒಬ್ಬರು ಹಿಡಿಯುತ್ತಾರೆ: 6 ಪೆನ್ಸ್ ಇದ್ದಾಗ ಯಾರೂ ಕಟ್ಟುತ್ತಲೇ ಇರಲಿಲ್ಲ! ಕಾಕಂಬಿ ಕದ್ದು ಬರುತ್ತಿತ್ತು, ಸುಂಕದವನ ಕೈ ಬಿಸಿ ಮಾಡಿದರೆ ಮುಗಿಯಿತು, ನ್ಯೂ ಇಂಗ್ಲೆಂಡಿನ ಭಟ್ಟಿಗಳಲ್ಲಿ ರಮ್ ಇಳಿಯುತ್ತಿತ್ತು. ಈಗ ನೌಕಾಪಡೆ ಕಾವಲಿಗೆ ನಿಂತಿತು. ಸಿಕ್ಕಿಬಿದ್ದವನ ವಿಚಾರಣೆಗೆ ಜ್ಯೂರಿ (ತೀರ್ಪು ಹೇಳಲು ಕೂರುವ ಸಾಮಾನ್ಯ ಜನರ ಮಂಡಲಿ) ಇಲ್ಲದ ಕೋರ್ಟು, ಅದೂ ದೂರದ ಹ್ಯಾಲಿಫ್ಯಾಕ್ಸ್‌ನಲ್ಲಿ. ಊರಿನ ಜ್ಯೂರಿಯಾದರೆ ಪರಿಚಯದವರು ಇರುತ್ತಿದ್ದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನ ಏನು?

ಇಲ್ಲಿ ನೋವಾದದ್ದು ಬಂದರಿನ ವ್ಯಾಪಾರಿಗಳಿಗೆ ಮಾತ್ರ. ಒಳನಾಡಿನ ರೈತನಿಗೆ ಇದರ ಬಿಸಿ ತಟ್ಟಲಿಲ್ಲ. ಅದನ್ನು ಬೋರ್ಡಿನಲ್ಲಿ ಎರಡನೇ ಪ್ರಶ್ನೆಯ ಕೆಳಗೆ ಬರೆಯಿರಿ: "ವ್ಯಾಪಾರಿಗಳು, ಅಷ್ಟೇ."

ಸ್ಟಾಂಪ್ ಕಾಯಿದೆಗೆ ಒಂದು ಪೂರ್ತಿ ಪೀರಿಯಡ್ ಕೊಡಿ

ಇದನ್ನು ಓದಿ ಹೇಳಬೇಡಿ, ಆಡಿಸಿ. ಹಿಂದಿನ ದಿನವೇ ಚೀಟಿಗಳನ್ನು ಬರೆದಿಟ್ಟುಕೊಳ್ಳಿ. ಒಂದೊಂದು ಚೀಟಿಯಲ್ಲಿ ಒಬ್ಬೊಬ್ಬ ಮನುಷ್ಯ: ಪತ್ರಿಕೆ ಮುದ್ರಿಸುವವನು, ವಕೀಲ, ಹೆಂಡದಂಗಡಿಯವನು, ಹಡಗಿನ ಯಜಮಾನ, ಕಾಲೇಜು ಮುಗಿಸಿದ ಹುಡುಗ, ಜಮೀನು ಕೊಳ್ಳುವ ರೈತ, ಇಸ್ಪೀಟು ಆಡುವ ಸೋಮಾರಿ. ಚೀಟಿಯ ಹಿಂದೆ ಅವನು ಕಟ್ಟಬೇಕಾದ ತೆರಿಗೆ. 12 ಪೆನ್ಸ್ ಸೇರಿದರೆ ಒಂದು ಷಿಲಿಂಗ್, 20 ಷಿಲಿಂಗ್ ಸೇರಿದರೆ ಒಂದು ಪೌಂಡ್ ಎಂದು ಮೊದಲೇ ಹೇಳಿರಿ. ಇಲ್ಲವಾದರೆ ಲೆಕ್ಕ ಯಾರ ತಲೆಗೂ ಹೋಗುವುದಿಲ್ಲ.

ಪತ್ರಿಕೆಯ ಪ್ರತಿಯೊಂದು ಪ್ರತಿಗೂ ಹಾಳೆಯ ಅಳತೆ ನೋಡಿ ಅರ್ಧ ಪೆನ್ನಿ ಅಥವಾ 1 ಪೆನ್ನಿ, ಒಳಗಿನ ಒಂದೊಂದು ಜಾಹೀರಾತಿಗೆ 2 ಷಿಲಿಂಗ್. ಇಸ್ಪೀಟು ಕಟ್ಟಿಗೆ 1 ಷಿಲಿಂಗ್. ಜೋಡಿ ದಾಳಕ್ಕೆ 10 ಷಿಲಿಂಗ್. ಪದವಿ ಪತ್ರಕ್ಕೆ 2 ಪೌಂಡ್. ವಕೀಲಿ ಸನ್ನದಿಗೆ 10 ಪೌಂಡ್. ಉಯಿಲು, ಕ್ರಯಪತ್ರ, ಹಡಗು ಬಂದರು ಬಿಡುವ ರಹದಾರಿ, ಪಂಚಾಂಗ, ಹೆಂಡದ ಲೈಸೆನ್ಸು ಎಲ್ಲಕ್ಕೂ ಛಾಪಾ ಕಾಗದ. ಅದೂ ಇಂಗ್ಲೆಂಡಿನ ನಾಣ್ಯದಲ್ಲೇ ಕಟ್ಟಬೇಕು. ವಸಾಹತುಗಳಲ್ಲಿ ಆ ನಾಣ್ಯಕ್ಕೇ ಬರ. ಅವರು ತಾವೇ ನೋಟು ಹೊರಡಿಸಿಕೊಳ್ಳುವುದಕ್ಕೂ ಹಿಂದಿನ ವರ್ಷವಷ್ಟೇ ಕಡಿವಾಣ ಬಿದ್ದಿತ್ತು.

ಚೀಟಿ ಹಂಚಿದ ಮೇಲೆ ಕೇಳಿ: ಇವರಲ್ಲಿ ಊರಿನಲ್ಲಿ ಜಾಸ್ತಿ ಮಾತಾಡುವವರು ಯಾರು? ತರಗತಿ ಒಂದು ಕ್ಷಣ ಸುಮ್ಮನಾಗಿ ಆಮೇಲೆ ನಗುತ್ತದೆ. ಬರೆಯುವವನು, ವಾದ ಮಾಡುವವನು, ಜನ ಸೇರುವ ಹೆಂಡದಂಗಡಿ ನಡೆಸುವವನು. ಬಾಯಿ ಇರುವವರೆಲ್ಲರ ಮೇಲೂ ಒಂದೇ ದಿನ ತೆರಿಗೆ ಹಾಕಿದ್ದು ಗ್ರೆನ್‌ವಿಲ್‌ನ ದೊಡ್ಡ ಎಡವಟ್ಟು. ಕಾಯಿದೆ ಪಾಸಾದದ್ದು 1765ರ ಮಾರ್ಚ್‌ನಲ್ಲಿ, ಜಾರಿಗೆ ಬರಬೇಕಾದದ್ದು ನವೆಂಬರ್ 1ಕ್ಕೆ. ಹಿಂದಿನ ದಿನ ಫಿಲಡೆಲ್ಫಿಯಾದ ವಿಲಿಯಂ ಬ್ರ್ಯಾಡ್‌ಫರ್ಡ್ ತನ್ನ ಪತ್ರಿಕೆಯ ಮುಖಪುಟವನ್ನು ಗೋರಿಕಲ್ಲಿನ ಆಕಾರದಲ್ಲಿ ಅಚ್ಚು ಹಾಕಿದ. ಸ್ಟಾಂಪ್ ಇರಬೇಕಾದ ಜಾಗದಲ್ಲಿ ತಲೆಬುರುಡೆ. ಈ ಪುಟದ ಚಿತ್ರ ಸಿಕ್ಕರೆ ತೋರಿಸಿ, ನೂರು ಮಾತಿನ ಕೆಲಸ ಅದೊಂದೇ ಮಾಡುತ್ತದೆ.

ನಡುವಿನ ತಿಂಗಳುಗಳ ಗಲಾಟೆಯನ್ನು ಬಾಸ್ಟನ್ನಿನಿಂದ ಹೇಳಿ. ಅಲ್ಲಿ ಒಂಬತ್ತು ಜನರ ಗುಂಪು ಇತ್ತು. ಮುದ್ರಕ, ಹಿತ್ತಾಳೆ ಕೆಲಸದವರು, ಭಟ್ಟಿಯವರು, ಇಂಥವರು. ಬೀದಿಯ ಜನರನ್ನು ಕೂಡಿಸಲು ಅವರು ಹಿಡಿದದ್ದು ಎಬೆನೀಜರ್ ಮ್ಯಾಕಿಂಟಾಶ್ ಎಂಬ ಚಪ್ಪಲಿ ಹೊಲಿಯುವವನನ್ನು. ಆಗಸ್ಟ್ 14ರಂದು ಸ್ಟಾಂಪ್ ಮಾರಲು ನೇಮಕವಾಗಿದ್ದ ಆಂಡ್ರ್ಯೂ ಆಲಿವರ್‌ನ ಪ್ರತಿಕೃತಿಯನ್ನು ಮರಕ್ಕೆ ನೇತುಹಾಕಿದರು. ಆಲಿವರ್ ಕೆಲಸ ಬಿಟ್ಟ. ಆಗಸ್ಟ್ 26ರಂದು ಗುಂಪು ಲೆಫ್ಟಿನೆಂಟ್ ಗವರ್ನರ್ ಥಾಮಸ್ ಹಚಿನ್‌ಸನ್‌ನ ಮನೆಗೇ ನುಗ್ಗಿ ಪುಡಿ ಪುಡಿ ಮಾಡಿತು. ಇದನ್ನು ಮುಚ್ಚಿಡಬೇಡಿ. ಮನೆ ಒಡೆದ ಮೇಲೆ ಒಂಬತ್ತು ಜನರ ಗುಂಪಿಗೂ ಗಾಬರಿಯಾಯಿತು. ಬೀದಿಯ ಸಿಟ್ಟಿಗೆ ಲಗಾಮು ಬೇಕು ಎನ್ನುವುದು ಅಲ್ಲಿಂದ ಅವರ ಯೋಚನೆಯ ಭಾಗವಾಯಿತು. ಮುಂದೆ ಟೀ ಸುರಿದ ರಾತ್ರಿ ಇದು ನೆನಪಿಗೆ ಬರಬೇಕು.

ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಒಂಬತ್ತು ವಸಾಹತುಗಳ 27 ಪ್ರತಿನಿಧಿಗಳು ಸೇರಿದರು. ಒಬ್ಬರಿಗೊಬ್ಬರು ಗಡಿ ಜಗಳ ಆಡುತ್ತಿದ್ದ ವಸಾಹತುಗಳು ಇವು. ವ್ಯಾಪಾರಿಗಳು ಇಂಗ್ಲೆಂಡಿನ ಸಾಮಾನು ತರಿಸುವುದನ್ನೇ ನಿಲ್ಲಿಸಿದರು. ನವೆಂಬರ್ 1 ಬಂದಾಗ ಜಾರ್ಜಿಯಾದಲ್ಲಿ ಅಲ್ಪಸ್ವಲ್ಪ ಬಿಟ್ಟರೆ ಸ್ಟಾಂಪ್ ಮಾರುವವನೇ ಇರಲಿಲ್ಲ.

ಗ್ರೆನ್‌ವಿಲ್ ಪಾತ್ರಕ್ಕೆ ಚುರುಕಾದ ಮಗುವನ್ನೇ ಆರಿಸಿ

"ಪ್ರಾತಿನಿಧ್ಯವಿಲ್ಲದೆ ತೆರಿಗೆ ಇಲ್ಲ" (ಪಾರ್ಲಿಮೆಂಟಿನಲ್ಲಿ ನಮ್ಮ ಸದಸ್ಯನಿಲ್ಲದೆ ನಮ್ಮ ಮೇಲೆ ತೆರಿಗೆ ಬೇಡ) ಎಂಬ ಅಮೆರಿಕದವರ ಘೋಷಣೆಯನ್ನು ಬಾಯಿಪಾಠ ಮಾಡಿಸಿ ಬಿಟ್ಟುಬಿಡುವುದು ಸುಲಭ. ಬದಲಿಗೆ ಒಂದು ವಾದ ಏರ್ಪಡಿಸಿ. ಲಂಡನ್ನಿನ ಪರ ಹೇಳುವ ಮಗು ಹೀಗೆ ಹೇಳಲಿ: ಮ್ಯಾಂಚೆಸ್ಟರ್‌ಗೂ ಬರ್ಮಿಂಗ್‌ಹ್ಯಾಮ್‌ಗೂ ಪಾರ್ಲಿಮೆಂಟಿನಲ್ಲಿ ಸ್ವಂತ ಸದಸ್ಯನಿಲ್ಲ, ಅವರು ಕಟ್ಟುತ್ತಿಲ್ಲವಾ? ಸದಸ್ಯ ಯಾವ ಊರಿನಿಂದ ಬಂದರೂ ಇಡೀ ಸಾಮ್ರಾಜ್ಯದ ಪರವಾಗಿಯೇ ಕೂರುತ್ತಾನೆ.

ಈ ಮಾತಿಗೆ ತರಗತಿ ತಬ್ಬಿಬ್ಬಾಗುತ್ತದೆ. ಆಗಲಿ. ಆಮೇಲೆ ಮೇರಿಲ್ಯಾಂಡಿನ ವಕೀಲ ಡೇನಿಯಲ್ ಡುಲಾನಿ ಕೊಟ್ಟ ಉತ್ತರದ ಸಾರ ಹೇಳಿ. ಮ್ಯಾಂಚೆಸ್ಟರ್‌ಗೆ ತೆರಿಗೆ ಹಾಕುವ ಸದಸ್ಯ ಅದೇ ತೆರಿಗೆಯನ್ನು ತಾನೂ ಕಟ್ಟುತ್ತಾನೆ. ಹಾಗಾಗಿ ಕೈ ಹಿಡಿತ ಇರುತ್ತದೆ. ಅಮೆರಿಕಕ್ಕೆ ಹಾಕಿದ ತೆರಿಗೆಯನ್ನು ಅವನು ಕಟ್ಟುವುದಿಲ್ಲ. ಬದಲಿಗೆ ಅಮೆರಿಕದವರು ಜಾಸ್ತಿ ಕೊಟ್ಟಷ್ಟೂ ಅವನ ಹೊರೆ ಇಳಿಯುತ್ತದೆ. ಇಷ್ಟು ಅರ್ಥವಾದ ಮಗುವಿಗೆ 3 ಪೆನ್ಸ್ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಇವತ್ತು 3 ಪೆನ್ಸ್ ಹಾಕುವ ಹಕ್ಕು ಒಪ್ಪಿಕೊಂಡರೆ ನಾಳೆ 3 ಪೌಂಡ್ ಹಾಕಿದಾಗ ತಡೆಯುವವರು ಯಾರು?

1766ರ ಮಾರ್ಚ್ 18ಕ್ಕೆ ಕಾಯಿದೆ ರದ್ದಾಯಿತು. ವ್ಯಾಪಾರ ನಿಂತು ಲಂಡನ್ನಿನ ವರ್ತಕರೇ ಬೊಬ್ಬೆ ಹೊಡೆದಿದ್ದರು. ಆದರೆ ಅದೇ ದಿನ ಪಾರ್ಲಿಮೆಂಟು ಇನ್ನೊಂದು ಕಾಯಿದೆ ಮಾಡಿತು. ವಸಾಹತುಗಳಿಗೆ ಯಾವ ವಿಷಯದಲ್ಲಿ ಬೇಕಾದರೂ ಕಾನೂನು ಮಾಡುವ ಪೂರ್ತಿ ಅಧಿಕಾರ ತನಗಿದೆ ಎಂಬ ಘೋಷಣೆ ಅದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉಪಾಯ. ವಸಾಹತುಗಳಲ್ಲಿ ಗಂಟೆ ಬಾರಿಸಿ ಸಂಭ್ರಮಪಟ್ಟರು. ಎರಡನೇ ಕಾಗದವನ್ನು ಹೆಚ್ಚಿನವರು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಟೌನ್‌ಶೆಂಡ್ ಕಾಯಿದೆಯಲ್ಲಿ ಸಂಬಳದ ಸಾಲನ್ನು ಹಿಡಿಯಿರಿ

1767ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಚಾರ್ಲ್ಸ್ ಟೌನ್‌ಶೆಂಡ್‌ನಿಂದ ಗಾಜು, ಸೀಸ, ಬಣ್ಣ, ಕಾಗದ, ಟೀ ಮೇಲೆ ಸುಂಕ ಬಂತು. ಈ ಐದು ಹೆಸರು ಪರೀಕ್ಷೆಗೆ ಬರುತ್ತವೆ, ಬರೆಸಿಬಿಡಿ. ಆದರೆ ತಿಳಿಯಬೇಕಾದದ್ದು ಮೊದಲನೇ ಪ್ರಶ್ನೆಯ ಉತ್ತರ. ದುಡ್ಡು ಯಾರ ಕೈಗೆ? ಗವರ್ನರುಗಳ ಮತ್ತು ನ್ಯಾಯಾಧೀಶರ ಸಂಬಳಕ್ಕೆ. ಅಲ್ಲಿಯವರೆಗೆ ಹೆಚ್ಚಿನ ಕಡೆ ಆ ಸಂಬಳ ಕೊಡುತ್ತಿದ್ದದ್ದು ಊರಿನವರೇ ಆರಿಸಿದ ಶಾಸನಸಭೆ. ಗವರ್ನರ್ ಬಾಲ ಬಿಚ್ಚಿದರೆ ಸಂಬಳ ತಡೆಹಿಡಿಯುತ್ತಿದ್ದರು. ಈಗ ಸಂಬಳ ಲಂಡನ್ನಿನ ಕೈಯಿಂದ ಬಂದರೆ ಅವನು ಇವರ ಮಾತು ಯಾಕೆ ಕೇಳುತ್ತಾನೆ? ಸುಂಕ ಚಿಕ್ಕದಿರಬಹುದು, ಹೋಗುತ್ತಿದ್ದದ್ದು ಮಾತ್ರ ದೊಡ್ಡ ಹಿಡಿತ.

ಮತ್ತೆ ಬಹಿಷ್ಕಾರ. ಈ ಸಲ ಎರಡನೇ ಪ್ರಶ್ನೆಯ ಕೆಳಗೆ ಹೊಸ ಹೆಸರು ಬರೆಯಬೇಕು: ಹೆಂಗಸರು. ಇಂಗ್ಲೆಂಡಿನ ಬಟ್ಟೆ ಬೇಡ ಅಂದ ಮೇಲೆ ನೂಲುವವರು ಬೇಕಲ್ಲ. ರಾಟೆ ಹೊತ್ತು ಪಾದ್ರಿಯ ಮನೆಯಲ್ಲಿ ಸೇರಿ ದಿನವಿಡೀ ನೂಲುತ್ತಿದ್ದರು. ಟೀ ಬದಲು ಸೊಪ್ಪಿನ ಕಷಾಯ. ಮತದ ಹಕ್ಕಿಲ್ಲದವರೂ ಅಡುಗೆಮನೆಯಿಂದಲೇ ರಾಜಕೀಯಕ್ಕೆ ಇಳಿದದ್ದು ಹೀಗೆ. 1774ರಲ್ಲಿ ನಾರ್ತ್ ಕ್ಯಾರೊಲೈನಾದ ಈಡೆಂಟನ್‌ನಲ್ಲಿ 51 ಹೆಂಗಸರು ಬಹಿಷ್ಕಾರದ ಪತ್ರಕ್ಕೆ ತಮ್ಮ ಹೆಸರು ಹಾಕಿ ಸಹಿ ಮಾಡಿದರು. ಲಂಡನ್ನಿನಲ್ಲಿ ಅದನ್ನು ಗೇಲಿ ಮಾಡಿ ವ್ಯಂಗ್ಯಚಿತ್ರ ಬಂತು.

1768ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿಗೆ ಸೈನ್ಯ ಬಂದಿಳಿಯಿತು. 1770ರ ಮಾರ್ಚ್ 5ರ ರಾತ್ರಿ ಜನರ ಗುಂಪಿನ ಮೇಲೆ ಗುಂಡು ಹಾರಿ ಐವರು ಸತ್ತರು. ಇಲ್ಲಿ ಪಾಲ್ ರಿವಿಯರ್ ಕೆತ್ತಿದ ಚಿತ್ರ ತೋರಿಸಿ, ತಪ್ಪು ಹುಡುಕಲು ಹೇಳಿ. ಅದರಲ್ಲಿ ಸೈನಿಕರು ಕವಾಯತಿನ ಹಾಗೆ ಸಾಲಾಗಿ ನಿಂತಿದ್ದಾರೆ, ಹಿಂದೆ ಅಧಿಕಾರಿ ಕತ್ತಿ ಎತ್ತಿ ಹುಕುಂ ಕೊಡುತ್ತಿದ್ದಾನೆ, ಮೇಲಿನ ಕಟ್ಟಡಕ್ಕೆ "ಕಟುಕರ ಮನೆ" ಎಂಬ ಬೋರ್ಡು. ಆಮೇಲೆ ಕೋರ್ಟಿನಲ್ಲಿ ಏನಾಯಿತು ಹೇಳಿ. ಸೈನಿಕರ ಪರ ವಾದಿಸಿದವನು ಜಾನ್ ಆಡಮ್ಸ್, ಮುಂದೆ ಅಮೆರಿಕದ ಅಧ್ಯಕ್ಷನಾದವನೇ. ಕ್ಯಾಪ್ಟನ್ ಪ್ರೆಸ್ಟನ್ ಖುಲಾಸೆ. ಎಂಟು ಸೈನಿಕರಲ್ಲಿ ಆರು ಮಂದಿ ಖುಲಾಸೆ, ಇಬ್ಬರಿಗೆ ಹೆಬ್ಬೆರಳಿಗೆ ಬರೆ. ಚಿತ್ರಕ್ಕೂ ತೀರ್ಪಿಗೂ ಇರುವ ದೂರವನ್ನು ಮಕ್ಕಳೇ ಅಳೆಯಲಿ.

ಗುಂಡು ಹಾರಿದ ಆ ದಿನವೇ ಲಂಡನ್ನಿನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಟೀ ಒಂದನ್ನು ಬಿಟ್ಟು ಉಳಿದ ಸುಂಕಗಳನ್ನು ತೆಗೆಯುವ ಮಾತು ಎತ್ತಿದ್ದ. ಹಕ್ಕು ಉಳಿಯಲಿ ಅಂತ ಒಂದನ್ನು ಇಟ್ಟುಕೊಂಡ. ಮುಂದಿನ ಎರಡು ವರ್ಷ ಸುಮಾರಾಗಿ ಶಾಂತಿ.

ಶಾಂತಿಯ ಕಾಲದಲ್ಲಿ ನಡೆದದ್ದನ್ನು ಬಿಟ್ಟುಬಿಡಬೇಡಿ

ಪಠ್ಯಪುಸ್ತಕಗಳು 1770ರಿಂದ 1773ಕ್ಕೆ ಹಾರುತ್ತವೆ. ನಡುವೆ ಇರುವ 1772ರ ನವೆಂಬರ್ ನನಗೆ ಟೀ ಸುರಿದ ರಾತ್ರಿಗಿಂತ ಮುಖ್ಯ. ಮ್ಯಾಸಚೂಸೆಟ್ಸ್‌ನ ನ್ಯಾಯಾಧೀಶರಿಗೂ ಇನ್ನು ಸುಂಕದ ದುಡ್ಡಿನಿಂದಲೇ ಸಂಬಳ ಎಂಬ ಸುದ್ದಿ ಬಂತು. ಸ್ಯಾಮ್ಯುಯೆಲ್ ಆಡಮ್ಸ್ ಬಾಸ್ಟನ್ನಿನ ಸಭೆಯಲ್ಲಿ 21 ಜನರ ಪತ್ರವ್ಯವಹಾರ ಸಮಿತಿಯೊಂದನ್ನು ಮಾಡಿಸಿದ. (ಈ ಆಡಮ್ಸ್ ಹಿಂದೆ ಪಟ್ಟಣದ ತೆರಿಗೆ ವಸೂಲಿಗಾರನಾಗಿದ್ದ. ವಸೂಲಿ ಮಾಡದೆ ಬಾಕಿ ಉಳಿಸಿಕೊಂಡದ್ದೇ ಜಾಸ್ತಿ. ಮಕ್ಕಳಿಗೆ ಇದು ಬಹಳ ಇಷ್ಟ.) ಸಮಿತಿಯ ಕೆಲಸ ಇಷ್ಟೇ: ನಮ್ಮ ಹಕ್ಕುಗಳು ಇವು, ಅವರು ಮುರಿದದ್ದು ಇವು, ನಿಮ್ಮ ಅಭಿಪ್ರಾಯ ಏನು ಎಂದು ಒಳನಾಡಿನ ಊರುಗಳಿಗೆ ಅಚ್ಚು ಹಾಕಿಸಿ ಕಳಿಸುವುದು. ನೂರಕ್ಕೂ ಹೆಚ್ಚು ಊರುಗಳು ಸಭೆ ಸೇರಿ ಉತ್ತರ ಬರೆದವು. ಬಂದರು ನೋಡಿಯೇ ಇರದ ರೈತರು ಸುಂಕದ ವಿಷಯ ಚರ್ಚೆ ಮಾಡಿದರು. 1773ರ ಮಾರ್ಚ್‌ನಲ್ಲಿ ವರ್ಜೀನಿಯಾ ಇದನ್ನೇ ವಸಾಹತುಗಳ ನಡುವೆ ಶುರು ಮಾಡಿತು.

ಬೋರ್ಡಿನಲ್ಲಿ "ವ್ಯಾಪಾರಿಗಳು, ಅಷ್ಟೇ" ಅಂತ ಬರೆದದ್ದನ್ನು ಈಗ ಮಕ್ಕಳಿಗೆ ತೋರಿಸಿ. ಪಟ್ಟಿ ಎಷ್ಟು ಬೆಳೆದಿದೆ, ಅಲ್ವಾ?

ಈಗ ಟೀ

1773. ಈಸ್ಟ್ ಇಂಡಿಯಾ ಕಂಪನಿಯ ಗೋದಾಮುಗಳಲ್ಲಿ ಮಾರಾಟವಾಗದ ಟೀ ಸುಮಾರು 1.7 ಕೋಟಿ ಪೌಂಡ್ ತೂಕ ಬಿದ್ದಿದೆ. ಕಂಪನಿ ದಿವಾಳಿಯ ಅಂಚಿನಲ್ಲಿದೆ. ಅದನ್ನು ಉಳಿಸಲು ಟೀ ಕಾಯಿದೆ ಬಂತು. ಕಂಪನಿ ನೇರವಾಗಿ ಅಮೆರಿಕಕ್ಕೆ ಮಾರಬಹುದು, ಇಂಗ್ಲೆಂಡಿನ ಸುಂಕ ವಾಪಸ್, ಅಮೆರಿಕದ 3 ಪೆನ್ಸ್ ಮಾತ್ರ ಹಾಗೇ. ಅಂದರೆ ಟೀ ಅಗ್ಗವಾಯಿತು. ಡಚ್ಚರ ಕಳ್ಳಮಾಲಿಗಿಂತಲೂ ಅಗ್ಗ. ಮೂಗಿಗೆ ತುಪ್ಪ ಸವರಿ 3 ಪೆನ್ಸಿನ ಹಕ್ಕನ್ನು ಒಪ್ಪಿಸುವ ಲೆಕ್ಕ ಇದು ಎಂದು ವಸಾಹತುಗಳಲ್ಲಿ ಮಾತಾಯಿತು. ಕಳ್ಳಸಾಗಣೆಯವರ ಹೊಟ್ಟೆಗೆ ಹೊಡೆತ ಬಿತ್ತು ಎನ್ನುವುದೂ ನಿಜ. ಎರಡನ್ನೂ ಹೇಳಿ.

ಬಾಸ್ಟನ್ನಿನ ಗಡಿಯಾರವನ್ನು ಮಾತ್ರ ನಿಧಾನವಾಗಿ ಓಡಿಸಿ. ಡಾರ್ಟ್‌ಮೌತ್ ಹಡಗು ನವೆಂಬರ್ 28ಕ್ಕೆ ಬಂತು. 20 ದಿನದೊಳಗೆ ಸುಂಕ ಕಟ್ಟದಿದ್ದರೆ ಮಾಲು ಸುಂಕದವರ ವಶ. ಟೀ ಇಳಿಸಲು ಜನ ಬಿಡುತ್ತಿಲ್ಲ. ವಾಪಸ್ ಹೋಗಲು ಗವರ್ನರ್ ರಹದಾರಿ ಕೊಡುತ್ತಿಲ್ಲ. ಆ ಗವರ್ನರ್ ಯಾರು? ಎಂಟು ವರ್ಷದ ಹಿಂದೆ ಮನೆ ಕಳೆದುಕೊಂಡ ಹಚಿನ್‌ಸನ್. ಅವನ ಇಬ್ಬರು ಮಕ್ಕಳೇ ಆ ಟೀ ಮಾರುವ ಗುತ್ತಿಗೆದಾರರು. ಅವನ ಸಂಬಳವೂ ಸುಂಕದ ಹಣದಿಂದಲೇ. ಡಿಸೆಂಬರ್ 16, ಗಡುವಿಗೆ ಕೊನೆಯ ರಾತ್ರಿ. ಓಲ್ಡ್ ಸೌತ್ ಪ್ರಾರ್ಥನಾ ಮಂದಿರದಲ್ಲಿ ಸಾವಿರಾರು ಜನ ಕಾದಿದ್ದಾರೆ. ಹಡಗಿನ ಕಡೆಯ ಫ್ರಾನ್ಸಿಸ್ ರಾಚ್ ಊರಾಚೆ ಗವರ್ನರ್ ಮನೆಗೆ ಹೋಗಿ, ಇಲ್ಲ ಅನ್ನಿಸಿಕೊಂಡು ಕತ್ತಲಾದ ಮೇಲೆ ಬಂದ. ಆಮೇಲೆ ಮೂರು ಹಡಗಿನಿಂದ 342 ಪೆಟ್ಟಿಗೆ ನೀರಿಗೆ ಹೋಯಿತು. ಸುಮಾರು 42 ಟನ್ ಟೀ, ಬೆಲೆ 9,659 ಪೌಂಡ್. 1765ರ ಲಗಾಮನ್ನು ಇಲ್ಲಿ ನೆನಪಿಸಿ. ಟೀ ಬಿಟ್ಟು ಬೇರೆ ಮಾಲನ್ನು ಮುಟ್ಟಲಿಲ್ಲ, ಹಡಗಿನವರ ಮೇಲೆ ಕೈ ಮಾಡಲಿಲ್ಲ.

ಇಷ್ಟಾದರೂ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಜಾರ್ಜ್ ವಾಷಿಂಗ್ಟನ್‌ಗೇ ಮಾಲು ಹಾಳು ಮಾಡಿದ್ದು ಸರಿ ಕಾಣಲಿಲ್ಲ. ಎಲ್ಲರನ್ನೂ ಒಂದು ಮಾಡಿದ್ದು ಲಂಡನ್ ಕೊಟ್ಟ ಶಿಕ್ಷೆ.

1774: ಈ ವರ್ಷದಲ್ಲಿ ನಿಂತುಕೊಳ್ಳಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಟೀ ಚೆಲ್ಲಿದ್ದು ಕೆಲವರು, ಬಂದರು ಮುಚ್ಚಿದ್ದು ಇಡೀ ಊರಿಗೆ. ಜೂನ್ 1ರಿಂದ ಬಾಸ್ಟನ್ ಬಂದರು ಬಂದ್. ಇನ್ನೊಂದು ಕಾಯಿದೆ ಮ್ಯಾಸಚೂಸೆಟ್ಸ್‌ನ ಆಡಳಿತವನ್ನೇ ಬದಲಾಯಿಸಿತು. ಗವರ್ನರ್ ಅಪ್ಪಣೆ ಇಲ್ಲದೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಊರಸಭೆ ಸೇರುವಂತಿಲ್ಲ. ಬೇರೆ ವಸಾಹತುಗಳಿಂದ ಬಾಸ್ಟನ್ನಿಗೆ ಅಕ್ಕಿ, ಹಿಟ್ಟು ಬಂತು. ಕನೆಕ್ಟಿಕಟ್‌ನ ಇಸ್ರೇಲ್ ಪಟ್ನಮ್ ಕುರಿಮಂದೆಯನ್ನೇ ಅಟ್ಟಿಕೊಂಡು ಬಂದ. ಇವತ್ತು ಬಾಸ್ಟನ್, ನಾಳೆ ನಾವು ಎಂಬ ಭಯ ಅದು.

ಇಲ್ಲಿ ಮೂರು ದೃಶ್ಯ ತೋರಿಸಬೇಕು. ಮೊದಲನೆಯದು ವೂಸ್ಟರ್ ಎಂಬ ಒಳನಾಡಿನ ಪಟ್ಟಣ, ಸೆಪ್ಟೆಂಬರ್ 6. ಆ ದಿನ ಹೊಸ ಕಾಯಿದೆಯ ಪ್ರಕಾರ ಕೋರ್ಟು ನಡೆಯಬೇಕು. ಸುತ್ತಲಿನ ಊರುಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಬಂದು ರಸ್ತೆಯ ಎರಡೂ ಬದಿಗೆ ನಿಂತರು. ನ್ಯಾಯಾಧೀಶರು, ಅಧಿಕಾರಿಗಳು ಟೋಪಿ ಕೈಯಲ್ಲಿ ಹಿಡಿದು ಆ ಸಾಲಿನ ನಡುವೆ ನಡೆಯಬೇಕಾಯಿತು. ಲಂಡನ್ನಿನ ಕಾಯಿದೆ ಪ್ರಕಾರ ಕೆಲಸ ಮಾಡುವುದಿಲ್ಲ ಎಂದು ಬರೆದುಕೊಟ್ಟದ್ದನ್ನು ಮತ್ತೆ ಮತ್ತೆ ಓದಿದರು, ಹಿಂದಿನವರಿಗೂ ಕೇಳಲಿ ಅಂತ. ಒಂದು ಗುಂಡು ಹಾರಲಿಲ್ಲ. ರಾಜನ ಆಳ್ವಿಕೆ ಆ ಊರಿನಲ್ಲಿ ಅವತ್ತಿಗೆ ಮುಗಿಯಿತು.

ಎರಡನೆಯದು ಫಿಲಡೆಲ್ಫಿಯಾ. ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ಬಿಟ್ಟು 12 ವಸಾಹತುಗಳು ಸೇರಿದ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್, ಅಂದರೆ ವಸಾಹತುಗಳ ಪ್ರತಿನಿಧಿಗಳ ಸಭೆ. ಡಿಸೆಂಬರ್ 1ರಿಂದ ಆಮದು ಬಂದ್ ಎಂದು ತೀರ್ಮಾನವಾಯಿತು. ಮಕ್ಕಳಿಗೆ ಅದರ 11ನೇ ಅಂಶ ವಿವರಿಸಿ. ಪ್ರತಿ ಜಿಲ್ಲೆ, ಪಟ್ಟಣ, ಊರಿನಲ್ಲೂ ಒಂದು ಸಮಿತಿ ಆರಿಸಬೇಕು, ಯಾರು ಮಾತು ಮೀರುತ್ತಾರೋ ಅವರ ಹೆಸರನ್ನು ಪತ್ರಿಕೆಯಲ್ಲಿ ಹಾಕಬೇಕು. ಕುದುರೆ ಜೂಜು, ಕೋಳಿ ಅಂಕ, ನಾಟಕವೂ ಬೇಡ ಅಂದರು. ಸಾವಿನ ಮನೆಯಲ್ಲಿ ಕೈಗವಸು ಹಂಚುವ ದುಂದುವೆಚ್ಚಕ್ಕೂ ತಡೆ. ಸಮಿತಿಯವರು ಅಂಗಡಿಯ ಲೆಕ್ಕದ ಪುಸ್ತಕ ನೋಡುತ್ತಿದ್ದರು, ಪಕ್ಕದ ಮನೆಯವನು ಟೀ ಕುಡಿದನಾ ಅಂತ ಕೇಳುತ್ತಿದ್ದರು. ರಾಜನಿಗೆ ನಿಷ್ಠರಾಗಿದ್ದವರಿಗೆ ಇದು ನರಕ. ಸ್ವಾತಂತ್ರ್ಯದ ಹೆಸರಿನಲ್ಲಿ ಹೀಗೆ ಮಾಡಬಹುದಾ ಎಂಬ ಪ್ರಶ್ನೆ ಎದ್ದರೆ ತಡೆಯಬೇಡಿ, ಪೀರಿಯಡ್ ಹೋದರೂ ಪರವಾಗಿಲ್ಲ.

ಮೂರನೆಯದು ನನ್ನ ಅಚ್ಚುಮೆಚ್ಚಿನದು. ಅಕ್ಟೋಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಜನ ತಮ್ಮದೇ ಪ್ರಾಂತೀಯ ಕಾಂಗ್ರೆಸ್ ಕೂಡಿಸಿದರು. ಅದು ಊರುಗಳಿಗೆ ಹೇಳಿತು: ವಸೂಲಾದ ತೆರಿಗೆಯನ್ನು ಸರ್ಕಾರದ ಖಜಾಂಚಿ ಹ್ಯಾರಿಸನ್ ಗ್ರೇಗೆ ಕೊಡಬೇಡಿ, ನಾವು ನೇಮಿಸಿದ ಹೆನ್ರಿ ಗಾರ್ಡ್‌ನರ್‌ಗೆ ಕೊಡಿ. ತೆರಿಗೆ ಬೇಡ ಎಂದು ಶುರುವಾದ ಜಗಳ ತೆರಿಗೆ ನಮ್ಮ ಕೈಗೆ ಕೊಡಿ ಎನ್ನುವಲ್ಲಿಗೆ ಬಂತು. ಬೋರ್ಡಿನ ಎರಡು ಪ್ರಶ್ನೆಗೂ ಉತ್ತರ ಒಂದೇ ಆದ ಜಾಗ ಇದು. ಇಲ್ಲಿ ಬಣ್ಣದ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆಯಿರಿ.

1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್, ಕಾಂಕರ್ಡ್‌ನಲ್ಲಿ ಗುಂಡು ಹಾರಿದಾಗ ಎದುರಿಗೆ ನಿಂತವರು ಈ ಸಮಿತಿಗಳ ಊರುಗಳವರೇ. ಯುದ್ಧದ ವಿವರಕ್ಕೆ ಬೇರೆ ಪೀರಿಯಡ್ ಇಟ್ಟುಕೊಳ್ಳಿ.

ರಾಜನನ್ನು ಯಾವಾಗ ಬಿಟ್ಟರು?

ಮಕ್ಕಳು ಗುಂಡು ಹಾರಿದ ದಿನವೇ ಸ್ವಾತಂತ್ರ್ಯ ಕೇಳಿದರು ಅಂದುಕೊಳ್ಳುತ್ತಾರೆ. ಇಲ್ಲ. 1775ರ ಜುಲೈನಲ್ಲೂ ಕಾಂಗ್ರೆಸ್ ಮೂರನೇ ಜಾರ್ಜ್‌ಗೆ ರಾಜಿಯ ಮನವಿ ಬರೆಯಿತು. ಅಲ್ಲಿಯವರೆಗೆ ಬೈಗುಳ ಎಲ್ಲ ಪಾರ್ಲಿಮೆಂಟಿಗೆ, ಮಂತ್ರಿಗಳಿಗೆ. ರಾಜ ಒಳ್ಳೆಯವನು, ಸುತ್ತಲಿನವರು ಕೆಟ್ಟವರು. ರಾಜ ಮನವಿಯನ್ನು ಸ್ವೀಕರಿಸದೆ ಆಗಸ್ಟ್‌ನಲ್ಲಿ ಇವರನ್ನು ಬಂಡುಕೋರರೆಂದು ಸಾರಿದ. ಜರ್ಮನ್ ಕೂಲಿ ಸೈನಿಕರನ್ನು ಗೊತ್ತು ಮಾಡಿದ.

ನವೆಂಬರ್‌ನಲ್ಲಿ ವರ್ಜೀನಿಯಾದ ಗವರ್ನರ್ ಡನ್‌ಮೋರ್ ಬಂಡುಕೋರರ ಗುಲಾಮರು ತನ್ನ ಸೈನ್ಯ ಸೇರಿದರೆ ಬಿಡುಗಡೆ ಎಂದ. ಆಗ ವಸಾಹತುಗಳ ಜನರಲ್ಲಿ ಸುಮಾರು ಐದರಲ್ಲೊಬ್ಬ ಗುಲಾಮ. ಡನ್‌ಮೋರ್‌ನ ಮಾತಿಗೆ ರಾಜಿ ಬೇಕು ಎನ್ನುತ್ತಿದ್ದ ಎಷ್ಟೋ ತೋಟದ ಮಾಲೀಕರು ಸ್ವಾತಂತ್ರ್ಯದ ಕಡೆ ವಾಲಿದರು. ಸಾವಿರಾರು ಗುಲಾಮರಿಗೆ ಬಿಡುಗಡೆಯ ದಾರಿ ಮಾತ್ರ ಬ್ರಿಟಿಷರ ಕಡೆ ಕಂಡಿತು. ಪಾಠದಲ್ಲಿ ಇದು ನುಂಗಲು ಕಷ್ಟವಾದ ತುತ್ತು. ನುಂಗಿಸಿಯೇ ಮುಂದೆ ಹೋಗಿ.

1776ರ ಜನವರಿಯಲ್ಲಿ ಥಾಮಸ್ ಪೇನ್‌ನ "ಕಾಮನ್ ಸೆನ್ಸ್" ಎಂಬ ಕಿರುಪುಸ್ತಕ ಬಂತು. ರಾಜನಿಂದಲೇ ತೊಂದರೆ ಎಂದು ಹೆಂಡದಂಗಡಿಯಲ್ಲಿ ಓದಿ ಹೇಳುವಂಥ ಮಾತಿನಲ್ಲಿ ಬರೆದ. ಇವನು ಇಂಗ್ಲೆಂಡಿನಿಂದ ಬಂದು ಆಗಿನ್ನೂ ವರ್ಷವಾಗಿತ್ತಷ್ಟೇ. ಅಲ್ಲಿ ಏನು ಕೆಲಸ ಮಾಡುತ್ತಿದ್ದ ಗೊತ್ತಾ? ಅಬಕಾರಿ ಸುಂಕದ ಅಧಿಕಾರಿ!

ಜುಲೈ 2ಕ್ಕೆ ಕಾಂಗ್ರೆಸ್ ಸ್ವಾತಂತ್ರ್ಯಕ್ಕೆ ಮತ ಹಾಕಿತು, 4ಕ್ಕೆ ಘೋಷಣೆಯನ್ನು ಒಪ್ಪಿತು. ಘೋಷಣೆಯಲ್ಲಿರುವ 27 ದೂರುಗಳನ್ನು ಮಕ್ಕಳಿಂದ ಎಣಿಸಿ. ತೆರಿಗೆಯ ದೂರು ಎಷ್ಟನೆಯದು ಅಂತ ಹುಡುಕಲಿ. ಹದಿನೇಳನೆಯದು, ಅದೂ ಒಂದೇ ಒಂದು ಸಾಲು. ಶಾಸನಸಭೆ ಮುಚ್ಚಿದ್ದು, ನ್ಯಾಯಾಧೀಶರ ಸಂಬಳ, ಸೈನ್ಯ ಇಟ್ಟದ್ದು ಎಲ್ಲ ಅದಕ್ಕಿಂತ ಮೊದಲು ಬರುತ್ತವೆ. ಪಾರ್ಲಿಮೆಂಟಿನ ಹೆಸರು ಇಡೀ ಘೋಷಣೆಯಲ್ಲಿ ಇಲ್ಲ. ಎಲ್ಲ ದೂರೂ ರಾಜನ ಮೇಲೆ.

ಪರೀಕ್ಷೆಗೆ ಕೊಡಬೇಕಾದ ಪ್ರಶ್ನೆ

ಇಸವಿಗಳ ಪ್ರಶ್ನೆ ಯಾರು ಬೇಕಾದರೂ ಕೇಳುತ್ತಾರೆ. ನಾನು ಕೊನೆಗೆ ಇದನ್ನು ಕೊಡುತ್ತೇನೆ. 1777ರಲ್ಲಿ ಸಾರಟೋಗದಲ್ಲಿ ಬ್ರಿಟಿಷ್ ಸೈನ್ಯವೊಂದು ಶರಣಾಯಿತು. 1778ರಲ್ಲಿ ಪಾರ್ಲಿಮೆಂಟು ಹೊಸ ಕಾಯಿದೆ ಮಾಡಿತು: ಬೊಕ್ಕಸ ತುಂಬಿಸಿಕೊಳ್ಳಲು ಅಮೆರಿಕದ ವಸಾಹತುಗಳ ಮೇಲೆ ಇನ್ನು ತೆರಿಗೆ ಹಾಕುವುದಿಲ್ಲ. 1765ರಲ್ಲಿ ಕೇಳಿದ್ದು ಕೈಗೆ ಬಂತು. ರಾಜಿಗೆ ದೂತರೂ ಬಂದರು. ಕಾಂಗ್ರೆಸ್ ಬೇಡ ಅಂದಿತು. ಯಾಕೆ?

ಫ್ರಾನ್ಸಿನ ಜೊತೆ ಆಗಲೇ ಒಪ್ಪಂದವಾಗಿತ್ತು ಎಂದು ಬರೆದರೆ ಪೂರ್ತಿ ತಪ್ಪಲ್ಲ, ಅರ್ಧ ಅಂಕ ಕೊಡಿ. ರಕ್ತ ಹರಿದ ಮೇಲೆ ಹಿಂದೆ ಹೋಗಲು ಆಗುವುದಿಲ್ಲ ಎಂದು ಬರೆದರೂ ಅಷ್ಟೇ. ವೂಸ್ಟರ್‌ನ ಆ ಎರಡು ಸಾಲು, 11ನೇ ಅಂಶದ ಸಮಿತಿ, ಹೆನ್ರಿ ಗಾರ್ಡ್‌ನರ್‌ನ ಖಜಾನೆ, ಇವುಗಳಲ್ಲಿ ಯಾವುದನ್ನಾದರೂ ಹಿಡಿದು, ಸರ್ಕಾರ ಆಗಲೇ ಅವರ ಕೈಯಲ್ಲಿತ್ತು ಎಂದು ಬರೆದ ಮಗುವಿಗೆ ಪೂರ್ತಿ ಅಂಕ. ಕಾಗುಣಿತ ತಪ್ಪಿದ್ದರೂ ಕತ್ತರಿಸಬೇಡಿ.